ಹದಿನೈದು ದಿನಕ್ಕೊಂದು ಉಬ್ಬರ

ಮಾಗೊಂಗ್, ಪೆಂಗ್‌ಹು ದ್ವೀಪ
ಸೆಪ್ಟೆಂಬರ್ 24

ಪ್ರಿಯ ಪೈಶಾನ್,

"ಅಲೆಗೆ ದನಿಯಿಲ್ಲ, ಕೂಗುವುದು ದಂಡೆ." ಹೀಗೇ ಇತ್ತಲ್ಲವೇ ಆ ಸಾಲು? ಶಿನ್‌ಜುವಿನಲ್ಲಿ ನಾವಿಬ್ಬರೂ ಗಣಿತ ಎಂ.ಎಸ್ಸಿ. ಓದುತ್ತಿದ್ದಾಗ ಹಾಸ್ಟೆಲ್ಲಿನ ಬಟ್ಟೆ ಒಗೆಯುವ ಕೋಣೆಯ ಗೋಡೆಯ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ಅಥವಾ "ದಂಡೆಗೆ ದನಿಯಿಲ್ಲ, ಕೂಗುವುದು ಅಲೆ" ಎಂದಿತ್ತೋ? ಈಗ ನೆನಪು ಎರಡೂ ಕಡೆ ವಾಲುತ್ತದೆ. ಯಾವುದು ನಿಜವೆಂದು ತಿಳಿಯಲು ಬೆಳಿಗ್ಗೆ ಬಂದರಿನಲ್ಲಿ ಕಿವಿಗೊಟ್ಟು ನಿಂತಿದ್ದೆ. ನಡುಗಡಲಿನಲ್ಲಿ ಅಲೆ ಸುಮ್ಮನೆ ಏರಿಳಿಯುತ್ತದೆ, ಕಲ್ಲು ಸಿಕ್ಕಿದ ಮೇಲೇ ಸದ್ದು. ಹಾಗಾದರೆ ಸದ್ದು ಯಾರದು? ನಿನಗೆ ನೆನಪಿದ್ದರೆ ಬರೆ.

ಫೋನಿರುವಾಗ ಕಾಗದವೇಕೆ ಎನ್ನುತ್ತೀಯ. ಫೋನಿನಲ್ಲಿ ಗೆರೆ ಎಳೆದು ತೋರಿಸಲಾಗುವುದಿಲ್ಲ, ಅದಕ್ಕೆ. ಬೇರೆ ಕಾರಣವಿಲ್ಲ.

ಸುದ್ದಿಯೆಂದರೆ, ಈ ಸಲ ಮೊದಲ ವರ್ಷದ ಕಲನಶಾಸ್ತ್ರದ ತರಗತಿಯನ್ನು ಕಂಪ್ಯೂಟರ್ ಕೋಣೆಗೆ ಒಯ್ದಿದ್ದೇನೆ. ನಗಬೇಡ. ಹಲಗೆಯ ಮೇಲೆ ನಾನು ಎಳೆಯುತ್ತಿದ್ದ ಗೆರೆಗಳನ್ನು ಈಗ ಮಕ್ಕಳೇ ತೆರೆಯ ಮೇಲೆ ಎಳೆಯುತ್ತಾರೆ, ಸ್ಲೈಡರ್ ಹಿಡಿದು ಆಚೀಚೆ ಸರಿಸುತ್ತಾರೆ. ನವೆಂಬರಿನಲ್ಲಿ ತೈವಾನಿನ ದೊಡ್ಡ ದ್ವೀಪದಿಂದ ಮೂವರು ಪರಿಶೀಲನೆಗೆ ಬರುತ್ತಾರಂತೆ. ನಮ್ಮಂಥ ಸಣ್ಣ ಕಾಲೇಜಿನ ಗಣಿತಕ್ಕೆ ಅಧ್ಯಾಪಕರು ಬೇಕೋ, ಅಲ್ಲಿಂದ ಕಳಿಸುವ ಪಾಠದ ವಿಡಿಯೊಗಳೇ ಸಾಕೋ ಎಂದು ಅವರ ವರದಿ ಹೇಳಬೇಕು. ನನ್ನ ಗುತ್ತಿಗೆ ಪ್ರತಿವರ್ಷ ಹೊಸದಾಗುವಂಥದ್ದು. ಗೊತ್ತಲ್ಲ.

ನಿನ್ನ
ರೂಯುನ್

*

ಅದೇ ದಿನ, ಅಂಚೆಗೆ ಹಾಕದ ಹಾಳೆ

ಪೈಶಾನ್, ಬೇರೆ ಕಾರಣವಿದೆ.

ಆಗಸ್ಟಿನಲ್ಲಿ ಕಾವೋಶಿಯುಂಗ್‌ಗೆ ಹೋಗಿ ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದೆ. ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಸ್ವರತಂತುಗಳ ಮೇಲೆ ಗಂಟು ಬೆಳೆದಿತ್ತಂತೆ. ಕ್ಯಾನ್ಸರಿನದಲ್ಲ, ಆದರೆ ಹಟಮಾರಿ. ಹಿಂದೊಮ್ಮೆ ತೆಗೆಸಿದ ಮೇಲೂ ಮತ್ತೆ ಬೆಳೆದದ್ದು ನೋಡು. ಚಳಿಗಾಲದವರೆಗೆ ಮಾತಿಲ್ಲ, ಪಿಸುಮಾತೂ ಇಲ್ಲ ಎಂದಿದ್ದಾರೆ ಡಾಕ್ಟರು. ಆಮೇಲೆ ಬರುವ ದನಿ ಎಂಥದ್ದೋ ಅವರಿಗೂ ಗೊತ್ತಿಲ್ಲ.

ನಿನಗೆ ಹೇಳಿದರೆ ನೀನು ಮುಂದಿನ ವಿಮಾನ ಹತ್ತಿ ಬಂದು ನನ್ನ ಪರವಾಗಿ ಊರಿಗೆಲ್ಲ ಮಾತಾಡುತ್ತೀಯ. ಕಾಲೇಜಿಗೆ ಹೇಳಿದರೆ, ದನಿಯಿಲ್ಲದ ಅಧ್ಯಾಪಕಿಗೂ ವಿಡಿಯೊಗೂ ಏನು ವ್ಯತ್ಯಾಸವೆಂದು ಕೇಳುತ್ತಾರೆ. ವಿಡಿಯೊ ಮಾತಾದರೂ ಆಡುತ್ತದೆ. ಹಾಗಾಗಿ ಮಾಸ್ಕು ಹಾಕಿಕೊಂಡು, ಗಂಟಲು ನೋವೆಂದು ಆಫೀಸಿಗೆ ಚೀಟಿ ಕೊಟ್ಟಿದ್ದೇನೆ.

ಮಕ್ಕಳಿಗೆ ಮಾತ್ರ ಗೊತ್ತು. ಮೊದಲ ದಿನವೇ ತೆರೆಯ ಮೇಲೆ ಬರೆದು ತೋರಿಸಿದೆ. ಕೊನೆಯ ಬೆಂಚಿನ ಜ್ಹಿಹಾವ್ ಎದ್ದು ನಿಂತು, "ಟೀಚರ್, ಚಿಂತೆ ಮಾಡ್ಬೇಡಿ. ನಾವ್ಯಾರೂ ಬಾಯಿ ಬಿಡಲ್ಲ. ಗಣಿತದ ಕ್ಲಾಸಲ್ಲಿ ಯಾವತ್ತು ಬಿಟ್ಟಿದ್ದೀವಿ?" ಎಂದ.

ಈ ಹಾಳೆ ಮೇಜಿನ ಡ್ರಾಯರಿಗೆ.

*

ತೈನಾನ್
ಅಕ್ಟೋಬರ್ 6

ರೂಯುನ್,

ನನ್ನ ಮೇಲೆ ಸಿಟ್ಟಾಗಿದ್ದೀಯಾ? ಐದು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಕತ್ತರಿಸಿ, ಆಮೇಲೆ ನಗುವ ಮುಖದ ಚಿತ್ರವೊಂದನ್ನು ಕಳಿಸಿದೆ. ನಲವತ್ತೆಂಟು ವಯಸ್ಸಿನ ಹೆಂಗಸು ಹಾಗೆ ನಗುವುದು ಸಿಟ್ಟು ಬಂದಾಗಲೇ. ಹಬ್ಬಕ್ಕೆ ಮಾದೌ ಊರಿನ ಚಕ್ಕೋತದ ಹಣ್ಣು ಕಳಿಸಿದ್ದೆ. ಅದಕ್ಕೂ ಅದೇ ಮುಖ.

ಆ ಸಾಲು ನನಗೆ ನೆನಪಿಲ್ಲ. ಆ ಕೋಣೆಯಲ್ಲಿ ನನಗೆ ನೆನಪಿರುವುದು ನನ್ನ ಕಳೆದುಹೋದ ಹಸಿರು ಸ್ವೆಟರ್ ಮಾತ್ರ.

ಕಂಪ್ಯೂಟರ್ ಕೋಣೆಯ ವಿಷಯ ಕೇಳಿ ಬೇಜಾರಾಯಿತು, ನಿಜ ಹೇಳುತ್ತೇನೆ. ಸೀಮೆಸುಣ್ಣ ಹಿಡಿದು ನೀನು ಹಲಗೆಯ ಈ ತುದಿಯಿಂದ ಆ ತುದಿಗೆ ಮಾತಾಡುತ್ತ ನಡೆದರೆ ನಮ್ಮ ಗುರುಗಳೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅಂಥವಳು ತೆರೆಯ ಹಿಂದೆ ಅಡಗಿಕೊಳ್ಳುವುದೇ?

ನನ್ನ ಪಾಡು ಕೇಳು. ಇಲ್ಲಿ ನಮ್ಮ ಪಾಠಗಳನ್ನೆಲ್ಲ ವಿಡಿಯೊ ಮಾಡಿಸುತ್ತಿದ್ದಾರೆ. ಖಾಲಿ ಕೋಣೆ, ಒಂದು ಕ್ಯಾಮೆರಾ, ಸೊಂಟಕ್ಕೆ ಕಟ್ಟಿದ ಪುಟ್ಟ ಸ್ಪೀಕರ್. "ಅರ್ಥವಾಯಿತಾ?" ಎಂದು ಕೇಳಿ, ಅಭ್ಯಾಸಬಲದಿಂದ ಉತ್ತರಕ್ಕೆ ಕಾಯುತ್ತೇನೆ. ಕಳೆದ ವಾರ ಅನುಕಲನ ಸೂತ್ರದ ನಡುವೆ ಕೆಳಗಿನ ರಸ್ತೆಯಲ್ಲಿ ಕಸದ ಲಾರಿ ತನ್ನ ಹಾಡು ಹಾಕಿಕೊಂಡು ಹೋಯಿತು. ಅದೂ ರೆಕಾರ್ಡಾಗಿದೆ. ವಿಡಿಯೊ ನೋಡುತ್ತಿದ್ದ ತೈಚುಂಗಿನ ಹುಡುಗಿಯೊಬ್ಬಳು ಹಾಡು ಕೇಳಿದ್ದೇ ಕಸದ ಚೀಲ ಹಿಡಿದು ನಾಲ್ಕು ಮಹಡಿ ಇಳಿದು ಓಡಿದಳಂತೆ. ರಸ್ತೆಯಲ್ಲಿ ಲಾರಿಯೂ ಇಲ್ಲ, ನಾಯಿಯೂ ಇಲ್ಲ. "ಮೇಡಂ, ನಿಮ್ಮ ಇಪ್ಪತ್ತೊಂದನೇ ನಿಮಿಷವನ್ನ ದಯವಿಟ್ಟು ತೆಗೆಸಿ. ನಮ್ಮ ಮಹಡಿಯಿಂದ ಮೂರು ಜನ ಮೋಸ ಹೋಗಿದ್ದೀವಿ" ಎಂದು ಬರೆದಿದ್ದಾಳೆ. ಇಡೀ ಪಾಠದಲ್ಲಿ ಅವರು ಎದ್ದು ಕೂತದ್ದು ಅಲ್ಲೊಂದೇ ಕಡೆ. ಅದನ್ನು ಹೇಗೆ ತೆಗೆಸಲಿ?

ಪರಿಶೀಲನೆಯವರ ಬಗ್ಗೆ ಹೆದರಬೇಡ. ಆ ಸಮಿತಿಗಳಲ್ಲಿ ಯಾರ್ಯಾರಿರುತ್ತಾರೋ ಯಾರಿಗೆ ಗೊತ್ತು. ಅವರೂ ಮನುಷ್ಯರೇ.

ಪೈಶಾನ್

*

ಮಾಗೊಂಗ್
ಅಕ್ಟೋಬರ್ 25

ಪ್ರಿಯ ಪೈಶಾನ್,

ಸಿಟ್ಟಿಲ್ಲ. ಚಕ್ಕೋತ ಸಿಹಿಯಾಗಿತ್ತು. ಸಿಪ್ಪೆಯನ್ನು ಜ್ಹಿಹಾವ್ ತಲೆಗೆ ಟೋಪಿ ಮಾಡಿಕೊಂಡು ಕ್ಲಾಸಿನಲ್ಲಿ ಕೂತಿದ್ದ.

ಉತ್ತರದ ಗಾಳಿ ಶುರುವಾಗಿದೆ. ಕಿಟಕಿಯ ಬಿರುಕಿಗೆಲ್ಲ ಕಾಗದ ತುರುಕಿಯಾಯಿತು. ಇಲ್ಲಿ ಈಗ ಗಾಳಿಯನ್ನು ಮೀರಿಸಿ ಕೂಗುವ ಅಧ್ಯಾಪಕರೆಲ್ಲರ ದನಿಯೂ ಕೆಟ್ಟಿದೆ. ನಾನು ಹೇಳಬೇಕಾದ್ದನ್ನು ಬೆರಳಚ್ಚು ಮಾಡುತ್ತೇನೆ, ಕಂಪ್ಯೂಟರ್ ಓದುತ್ತದೆ. ಅದರ ಉಚ್ಚಾರಣೆ ಟಿ.ವಿ. ವಾರ್ತೆಯದು. ನಾಲಿಗೆಯನ್ನು ಎಲ್ಲೆಲ್ಲೋ ಮಡಚುತ್ತದೆ. ಮಕ್ಕಳು ಅದಕ್ಕೆ 'ವಾರ್ತೆ ಅತ್ತೆ' ಎಂದು ಹೆಸರಿಟ್ಟಿದ್ದಾರೆ. "ಅತ್ತೆ, ಇನ್ನೊಂದ್ಸಲ ಹೇಳಿ!" ಎನ್ನುತ್ತಾರೆ. ನನ್ನನ್ನು ಒಮ್ಮೆಯಾದರೂ ಯಾರಾದರೂ ಹಾಗೆ ಕೇಳಿದ್ದರೆ? ಅತ್ತೆಗೆ ಬೇಸರವಿಲ್ಲ, ಅತ್ತೆ ಹುಬ್ಬು ಗಂಟಿಕ್ಕುವುದಿಲ್ಲ. ಅದಕ್ಕೇ ಇರಬೇಕು.

ಇನ್ನೊಂದು ವಿಚಿತ್ರ. ನಾನು ಬೆರಳಚ್ಚು ಮಾಡುವಷ್ಟರಲ್ಲಿ ಒಂದು ಖಾಲಿ ಜಾಗ ಉಳಿಯುತ್ತದಲ್ಲ, ಅದರೊಳಗೆ ಅವರು ಮಾತಾಡತೊಡಗಿದ್ದಾರೆ. ಮೊದಲು ಊಟದ ಬಗ್ಗೆ. ಈಗ ಕೆಲವೊಮ್ಮೆ ಗೆರೆಯ ಬಗ್ಗೆಯೂ.

ಪರಿಶೀಲನೆಯ ದಿನಕ್ಕೆ ಪಾಠ ಸಿದ್ಧವಾಗಿದೆ. ದಿನಾ ಬೆಳಿಗ್ಗೆ ಏಳಕ್ಕೆ ಕಾಲೇಜಿಗೆ ಹೋಗುವಾಗ ಬಂದರಿನ ಅಳತೆಗಂಬದಲ್ಲಿ ನೀರು ಎಲ್ಲಿಯವರೆಗಿದೆ ಎಂದು ನೋಡಿ ಬರೆದುಕೊಂಡಿದ್ದೇನೆ. ಆ ಚುಕ್ಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಎಷ್ಟು ಸುಂದರವಾದ ಅಲೆ ಬಂತು ಗೊತ್ತಾ! ಹದಿನೈದು ದಿನಕ್ಕೊಮ್ಮೆ ಏರಿ, ಇಳಿದು, ಮತ್ತೆ ಏರುತ್ತದೆ. ಅಮಾವಾಸ್ಯೆ, ಹುಣ್ಣಿಮೆ, ನಮ್ಮ ಹಿರಿಯರು ಬೆರಳೆಣಿಸುವುದೂ ಹೀಗೇ ತಾನೇ. ಆ ಗೆರೆ ನೋಡಿ ನನಗೆ ಅಜ್ಜಿಯ ಪಂಚಾಂಗ ನೋಡಿದಷ್ಟು ಖುಷಿಯಾಯಿತು. ಸೈನ್ ಅಲೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ರೂಯುನ್

*

ತೈನಾನ್
ನವೆಂಬರ್ 8

ರೂಯುನ್,

ಇನ್ನು ಸ್ವಲ್ಪ ದಿನ ನಾನು ಬರೆಯುವುದಿಲ್ಲ. ನೀನೂ ಬರೆಯಬೇಡ. ಕಾರಣ ಕೇಳಬೇಡ, ತಪ್ಪು ತಿಳಿಯಬೇಡ. ಬೆಚ್ಚಗಿರು. ಅಲ್ಲಿ ವಿಮಾನಗಳು ಈ ತಿಂಗಳು ಎಷ್ಟು ಸಲ ರದ್ದಾಗುತ್ತವೆ?

ಪೈ

*

ತೈನಾನ್
ನವೆಂಬರ್ 26

ರೂಯುನ್,

ವರದಿ ಇವತ್ತು ಬೆಳಿಗ್ಗೆ ಕಳಿಸಿಯಾಯಿತು. ಈಗ ಬರೆಯಬಹುದು.

ಹಿಂದಿನ ಬೆಂಚಿನಲ್ಲಿ ಕೂತ ಮೂವರಲ್ಲಿ ನನ್ನನ್ನು ಕಂಡು ನೀನು ಏನಂದುಕೊಂಡೆಯೋ! ನಾವಿಬ್ಬರೂ ಸಹಪಾಠಿಗಳೆಂದು ಸಮಿತಿಗೆ ಮೊದಲೇ ಹೇಳಿದ್ದೆ. ಅಧ್ಯಕ್ಷರು, "ಈ ದೇಶದಲ್ಲಿ ಗಣಿತದವರು ಇರೋದೇ ಬೊಗಸೆಯಷ್ಟು. ಪರಿಚಯ ಇಲ್ಲದವರನ್ನ ಎಲ್ಲಿಂದ ತರಲಿ? ವರದಿ ಮುಗಿಯೋವರೆಗೆ ಒಂದು ಮಾತೂ ಆಡಬೇಡಿ, ಅಷ್ಟೇ" ಎಂದರು. ನಾನು ಆಡಲಿಲ್ಲ. ನೀನೂ ಆಡಲಿಲ್ಲ. ಮಾಸ್ಕಿನ ಮೇಲಿಂದ ನಿನ್ನ ಕಣ್ಣು ನೋಡಿ ನಾನು ಅಂದುಕೊಂಡದ್ದು ಒಂದೇ: ಇವಳು ಇನ್ನು ಜನ್ಮದಲ್ಲಿ ನನ್ನನ್ನು ಕ್ಷಮಿಸುವುದಿಲ್ಲ.

ಇನ್ನೂ ಒಂದಿದೆ. ನಿಮ್ಮ ಕಾಲೇಜಿಗೆ ಕಳಿಸಬೇಕೆಂದಿದ್ದ ವಿಡಿಯೊಗಳು ನನ್ನವೇ. ಕಸದ ಲಾರಿಯ ಸಮೇತ. ನಿನ್ನ ಮೊದಲ ಕಾಗದ ಬಂದಾಗಿನಿಂದ ಅದನ್ನು ಬಚ್ಚಿಟ್ಟಿದ್ದೆ.

ಆದರೆ ನಾನು ಬರೆಯಬೇಕಾದ್ದು ಆ ತರಗತಿಯ ಬಗ್ಗೆ. ನೀನು ಎದುರಿಗಿದ್ದೆ, ನಾನು ಹಿಂದಿದ್ದೆ. ಹಿಂದಿನಿಂದ ಹೇಗೆ ಕಂಡಿತೆಂದು ಕೇಳು.

ತೆರೆಯ ಮೇಲೆ ನಿನ್ನ ಅಲೆ ಬಂತು, ಹದಿನೈದು ದಿನಕ್ಕೊಂದು ಉಬ್ಬರ. ಅಧ್ಯಕ್ಷರು "ಸೊಗಸಾಗಿದೆ" ಎಂದು ಬರೆದುಕೊಂಡರು. ಆಗ ಆ ಎತ್ತರದ ಹುಡುಗ, ಚಕ್ಕೋತದ ಟೋಪಿಯವನೇ ಇರಬೇಕು, ನಿಂತ.

"ಟೀಚರ್, ಇದು ನಿಜವಾದ್ರೆ ನಮ್ಮಪ್ಪ ತಿಂಗಳಿಗೆ ಎರಡೇ ಸಲ ಮೀನು ಹಿಡೀಬೇಕು. ಅಮ್ಮ ಮನೆ ಬಿಟ್ಟು ಹೋಗ್ತಾಳೆ."

ಮುಂದಿನ ಸಾಲಿನ ಕನ್ನಡಕದವನು ತಿರುಗಿ, "ಸುಮ್ನಿರೋ. ಅಮಾವಾಸ್ಯೆಗೆ ನೀರು ಜಾಸ್ತಿ, ಹುಣ್ಣಿಮೆಗೆ ಜಾಸ್ತಿ. ಹದಿನೈದೇ ಸರಿ. ಕಂಪ್ಯೂಟರ್ ನಿನಗಿಂತ ಬುದ್ಧಿವಂತ" ಎಂದ.

"ಕಂಪ್ಯೂಟರ್ ಯಾವತ್ತಾದ್ರೂ ಕಾಲು ಒದ್ದೆ ಮಾಡ್ಕೊಂಡಿದೆಯಾ?" ಎಂದಳು ಕಿಟಕಿ ಪಕ್ಕದ ಹುಡುಗಿ. ಯೂಟಿಂಗ್ ಎಂದು ಕರೆದರು ಅವಳನ್ನು. "ನಮ್ಮ ಕಲ್ಲಿನ ಮೀನುಕಟ್ಟೆ ಸರದಿ ನೆನಪಿಸ್ಕೊ. ನೀರು ಇಳಿದಾಗ ಮೀನು ಕಟ್ಟೆಯೊಳಗೆ ಸಿಕ್ಕಿಬೀಳುತ್ತಲ್ಲ, ಅದನ್ನ ಬಾಚೋ ಸರದಿ ಒಂದೇ ದಿನ ಎರಡು ಮನೆಗೆ ಬರುತ್ತೆ. ಒಂದು ನೀರು ಇಳಿದಾಗ ಅವರು ಮೀನು ಬಾಚ್ತಾರೆ, ಇನ್ನೊಂದು ಇಳಿದಾಗ ನಾವು."

"ಅದು ಬೇರೆ ಉಬ್ಬರ!"

"ಸಮುದ್ರಕ್ಕೆ ಎಷ್ಟು ಥರದ ಉಬ್ಬರನೋ ಇರೋದು, ಮಹಾನುಭಾವ?"

ಇಡೀ ಕೋಣೆಯಲ್ಲಿ ನಗೆ. ಎತ್ತರದ ಹುಡುಗ ಪರಿಶೀಲಕರ ಎದುರೇ ಫೋನ್ ತೆಗೆದು ಜೋರಾಗಿ ಕೇಳುವಂತೆ ಇಟ್ಟ. "ಅಪ್ಪಾ, ದಿನಕ್ಕೆ ನೀರು ಎಷ್ಟು ಸಲ ಏರುತ್ತೆ?" ಆ ಕಡೆಯಿಂದ ಎಂಜಿನ್ನಿನ ಸದ್ದು, ಗಾಳಿ, ಆಮೇಲೆ ಒಂದು ಗರ್ಜನೆ: "ಕಾಲೇಜಿಗೆ ಫೀಸು ಕಟ್ಟಿರೋದು ಇದನ್ನ ಕೇಳೋಕಾ? ಎರಡು ಸಲ ಕಣೋ, ಮಂಕುದಿಣ್ಣೆ!"

ನಮ್ಮ ಅಧ್ಯಕ್ಷರು ಪೆನ್ನು ಕೆಳಗಿಟ್ಟರು.

ನೀನು ಕೀಲಿಮಣೆಯಿಂದ ಕೈ ತೆಗೆದೆ. ಪಕ್ಕಕ್ಕೆ ಸರಿದು ನಿಂತೆ. ಯೂಟಿಂಗ್ ಬಂದು ನಿನ್ನ ಕುರ್ಚಿಯಲ್ಲೇ ಕೂತು, ದಿನಕ್ಕೆರಡು ಸಲ, ಆದರೆ ದಿನಾ ಐವತ್ತು ನಿಮಿಷ ತಡವಾಗಿ ಏರುವ ಅಲೆಯೊಂದನ್ನು ಎಳೆದು, ಅದನ್ನು ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಎನ್ನುವುದಕ್ಕೆ ಒಂದು ಸ್ಲೈಡರ್ ಮಾಡಿದಳು. ಗಂಟೆಗೊಮ್ಮೆ ನೋಡಿದರೆ ಅಲೆ ಸರಿಯಾಗಿತ್ತು. ಆರು ಗಂಟೆಗೊಮ್ಮೆ ನೋಡಿದಾಗ ಮೊನಚಾಯಿತು. ಸ್ಲೈಡರನ್ನು ಇನ್ನೂ ಸರಿಸುತ್ತ ಹೋದಂತೆ ಅಲೆ ನಡುಗಿ, ಮಡಚಿಕೊಂಡು, ಇಪ್ಪತ್ತನಾಲ್ಕಕ್ಕೆ ಬಂದಾಗ ಉದ್ದುದ್ದ ಮಲಗಿಬಿಟ್ಟಿತು. ನಿನ್ನ ಹದಿನೈದು ದಿನದ ಅಲೆಯೇ. "ಹೋ!" ಎಂದರು ಎಲ್ಲರೂ. ನಾನೂ ಎಂದೆ. ನಿಯಮ ಮುರಿದೆ.

"ಸಮುದ್ರ ಸುಳ್ಳು ಹೇಳಿಲ್ಲ, ಕಂಪ್ಯೂಟರೂ ಹೇಳಿಲ್ಲ. ನಾವು ದಿನಾ ಒಂದೇ ಹೊತ್ತಿಗೆ ಇಣುಕಿದ್ವಿ ಅಷ್ಟೇ" ಎಂದಳು ಅವಳು. ಒಂದು ನೋಟಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವೇ ಕಾಣುವುದನ್ನು ಕೆಡಿಸುತ್ತದೆ ಎನ್ನುವ ಆ ಪ್ರಮೇಯವನ್ನು ಹೇಳಲು ನನಗೆ ಎರಡು ವಿಡಿಯೊ ಬೇಕಾಗಿತ್ತು.

ಬೇಕೆಂದೇ ತಪ್ಪನ್ನು ಇಟ್ಟು, ಬೇಕೆಂದೇ ಸುಮ್ಮನೆ ನಿಲ್ಲುವ ಧೈರ್ಯ ನನಗೆಂದೂ ಬಂದಿಲ್ಲ. ವರದಿಯಲ್ಲಿ ಹಾಗೆಯೇ ಬರೆದಿದ್ದೇನೆ: "ಅಧ್ಯಾಪಕಿಯ ಯೋಜಿತ ಮೌನ." ಗಾಳಿ ಏರುತ್ತಿದೆಯೆಂದು ನಮ್ಮನ್ನು ಅಲ್ಲಿಂದಲೇ ವಿಮಾನಕ್ಕೆ ಅಟ್ಟಿದರು. ಇಲ್ಲದಿದ್ದರೆ ನಿನ್ನ ಕಾಲು ಹಿಡಿಯುತ್ತಿದ್ದೆ.

ಪೈಶಾನ್

*

ಮಾಗೊಂಗ್
ಡಿಸೆಂಬರ್ 3

ಪ್ರಿಯ ಪೈಶಾನ್,

ನಿನ್ನ ಕಾಗದ ಓದಿ ಎರಡು ದಿನ ಖುಷಿಪಟ್ಟೆ. ಮೂರನೆಯ ದಿನ ನಾಚಿಕೆಯಾಯಿತು. ಇದರೊಂದಿಗೆ ಸೆಪ್ಟೆಂಬರಿನ ಒಂದು ಹಾಳೆ ಇಟ್ಟಿದ್ದೇನೆ. ಮೊದಲು ಅದನ್ನು ಓದು.

ಓದಿದೆಯಾ? ಹಾಗಾದರೆ ಕೇಳು. ಯೋಜಿತ ಮೌನವಲ್ಲ ಅದು, ಗಂಟಲೇ ಇರಲಿಲ್ಲ. ತಪ್ಪನ್ನೂ ನಾನು ಇಟ್ಟದ್ದಲ್ಲ, ಅದೇ ಬಂದು ಕೂತದ್ದು. ಬೇರೆ ಊರಿನವರಾಗಿದ್ದರೆ ಆ ಗೆರೆಯನ್ನು ಕಂಡೊಡನೆ ಅನುಮಾನಪಡುತ್ತಿದ್ದರೇನೋ. ನಾನು ಈ ದ್ವೀಪದವಳು. ಹದಿನೈದು ಎಂದೊಡನೆ ಅಮಾವಾಸ್ಯೆ ಹುಣ್ಣಿಮೆ ಎಂದು ತಲೆಯಾಡಿಸಿಬಿಟ್ಟೆ. ದಿನಕ್ಕೆರಡು ಸಲ ಏರುವ ನೀರಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳು! ಜ್ಹಿಹಾವ್ ಎದ್ದು ನಿಂತ ಕ್ಷಣದಲ್ಲಿ ನನಗೆ ಹೊಳೆಯಿತು. ಮೂವರು ಕೂತಿದ್ದಾರೆ, ಮೂವರಲ್ಲಿ ನೀನು, ತೆರೆಯ ಮೇಲೆ ನನ್ನ ಮೂರ್ಖತನ.

ವಾರ್ತೆ ಅತ್ತೆಯಿಂದ ಹೇಳಿಸಬಹುದಿತ್ತು. ಎರಡು ಸಾಲು ಬೆರಳಚ್ಚು ಮಾಡಿದ್ದರೆ ಸಾಕಿತ್ತು. ಕೈ ಕೀಲಿಮಣೆಯ ಮೇಲೇ ಇತ್ತು. ಆದರೆ ಅಷ್ಟರಲ್ಲಿ ಯೂಟಿಂಗ್ ಕಾಲು ಒದ್ದೆಯ ಮಾತಾಡಿದಳು. ಮುಂದೇನೆನ್ನುತ್ತಾಳೋ ಕೇಳಬೇಕೆನ್ನಿಸಿತು. ಇದನ್ನು ಮೌನವೆನ್ನುವುದೋ, ಗಾಬರಿಯೆನ್ನುವುದೋ ನನಗೇ ಗೊತ್ತಿಲ್ಲ.

ವರದಿಯನ್ನು ತಿದ್ದಿಬಿಡು. ಇಲ್ಲದ ಗುಣಕ್ಕೆ ಕೆಲಸ ಉಳಿಸಿಕೊಂಡರೆ ನಾಳೆ ಆ ಮಕ್ಕಳ ಎದುರು ಹೇಗೆ ನಿಲ್ಲಲಿ? ಹೋದರೆ ಹೋಗಲಿ. ಹಾಗೆಂದು ಬರೆಯುವ ಮೊದಲು ಮೂರು ಹಾಳೆ ಹರಿದೆ, ಅದನ್ನೂ ಬಚ್ಚಿಡುವುದಿಲ್ಲ.

ನಿನ್ನ ವಿಡಿಯೊಗಳ ವಿಷಯ ನನಗೆ ಅಕ್ಟೋಬರಿನಿಂದಲೇ ಗೊತ್ತಿತ್ತು, ಮಾದರಿಗೆಂದು ಕಾಲೇಜಿಗೆ ಬಂದದ್ದನ್ನು ನೋಡಿದ್ದೆ. ಇಪ್ಪತ್ತೊಂದನೇ ನಿಮಿಷಕ್ಕೆ ನಾನೂ ಎದ್ದು ಕಸದ ಬುಟ್ಟಿಗೆ ಕೈ ಹಾಕಿದೆ.

ರೂಯುನ್

*

ತೈನಾನ್
ಡಿಸೆಂಬರ್ 17

ಕಳ್ಳಿ,

ಓದಿ ಮೊದಲು ಅತ್ತುಬಿಟ್ಟೆ. ಆಮೇಲೆ ಬೈದೆ, ನೀನಿಲ್ಲದ್ದರಿಂದ ಗೋಡೆಗೆ. ಆಸ್ಪತ್ರೆಯಲ್ಲಿ ಯಾರಿದ್ದರು ನಿನ್ನ ಜೊತೆ? ಗಂಜಿ ಯಾರು ಮಾಡಿಕೊಟ್ಟರು? ಇದಕ್ಕೆಲ್ಲ ಬೇಸಿಗೆಯಲ್ಲಿ ಎದುರು ಕೂರಿಸಿಕೊಂಡು ಲೆಕ್ಕ ಕೇಳುತ್ತೇನೆ.

ವರದಿಗೆ ಒಂದು ಪುಟ ಸೇರಿಸಿದೆ. ಮೌನ ವೈದ್ಯರದ್ದು, ತಪ್ಪು ಅಧ್ಯಾಪಕಿಯದು, ಎರಡೂ ಯೋಜಿತವಲ್ಲ ಎಂದು ಸ್ಪಷ್ಟವಾಗಿ ಬರೆದೆ. ಸಮಿತಿ ಮತ್ತೆ ಸೇರಿತು. ಮೂರನೆಯ ಸದಸ್ಯರು, "ಹಾಗಾದ್ರೆ ಹೊಗಳೋಕೆ ಏನುಳೀತು?" ಎಂದರು.

ನಾನೆಂದೆ: "ಕೈ. ಗಂಟಲು ಕೆಟ್ಟಿದ್ದಕ್ಕೆ ಬಾಯಿ ಸುಮ್ಮನಿತ್ತು, ಸರಿ. ಕೈಗೆ ಏನಾಗಿತ್ತು? ಅವಳ ಬೆರಳುಗಳು ಕೀಲಿಗಳ ಮೇಲೆ ನಿಂತೇ ಇದ್ದದ್ದನ್ನ ನಾನು ಹಿಂದಿನಿಂದ ನೋಡಿದ್ದೀನಿ. ಕೆಲಸ ಹೋಗೋ ಹೊತ್ತಲ್ಲಿ ತನ್ನ ತಪ್ಪನ್ನ ಮುಚ್ಚಿಕೊಳ್ಳೋಕೆ ಎರಡು ಸಾಲು ಸಾಕಿತ್ತು. ಒತ್ತಲಿಲ್ಲ. ನನ್ನ ವಿಡಿಯೊಗೆ ಅದು ಬರಲ್ಲ. ಅದು ನಿಲ್ಲೋದು ಕರೆಂಟು ಹೋದಾಗ ಮಾತ್ರ."

ಅಧ್ಯಕ್ಷರು ಆ ಪುಟಕ್ಕೆ ಸಹಿ ಹಾಕಿದರು. ಆಮೇಲೆ, "ಆ ಮೀನುಗಾರ ಅಪ್ಪನ್ನ ಯಾವ ವಿಡಿಯೊದಲ್ಲಿ ಹಾಕ್ತೀರಿ" ಎಂದು ನಕ್ಕರು. ನಿಮ್ಮ ಕಾಲೇಜಿನ ಗಣಿತಕ್ಕೆ ಅಧ್ಯಾಪಕರೇ ಬೇಕು, ಇರುವವರನ್ನೇ ಮುಂದುವರಿಸಬೇಕು ಎಂದು ತೀರ್ಮಾನವಾಗಿದೆ. ಅಧಿಕೃತ ಪತ್ರ ಇಷ್ಟರಲ್ಲೇ ಬರುತ್ತದೆ. ನನಗೂ ಒಂದು ಶಿಕ್ಷೆ ಬಿತ್ತು: ಬೇಸಿಗೆಯಲ್ಲಿ ನಿನ್ನ ಹತ್ತಿರ ಬಂದು ಆ ಸ್ಲೈಡರ್ ಕಲಿಯಬೇಕಂತೆ. ಸೀಮೆಸುಣ್ಣವನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತೇನೆ.

ಪೈಶಾನ್

*

ಮಾಗೊಂಗ್
ಡಿಸೆಂಬರ್ 29

ಪ್ರಿಯ ಪೈಶಾನ್,

ಪತ್ರ ಬಂತು. ಆಫೀಸಿನವರು ಅದನ್ನು ನನ್ನ ಕೈಗಿಟ್ಟು, ಗಂಟಲ ವಿಷಯ ಮೊದಲೇ ಹೇಳಬಾರದಿತ್ತೇ ಎಂದು ಗದರಿ, ಶುಂಠಿ ಕಷಾಯ ಕೊಟ್ಟರು.

ನಿನ್ನೆ ಕಾವೋಶಿಯುಂಗ್‌ನಲ್ಲಿ ಡಾಕ್ಟರು ಕೊಳವೆ ಇಳಿಸಿ ನೋಡಿ, "ಹೂಂ, ಏನಾದ್ರೂ ಹೇಳಿ" ಎಂದರು. ನಾಲ್ಕು ತಿಂಗಳು ಹೇಳಬೇಕೆಂದು ಕೂಡಿಟ್ಟದ್ದೆಲ್ಲ ಆ ಕ್ಷಣದಲ್ಲಿ ಮಾಯವಾಯಿತು. "ಏನು ಹೇಳಲಿ?" ಎಂದೆ. ಅದೇ ನನ್ನ ಮೊದಲ ಮಾತು. ದನಿ ದಪ್ಪವಾಗಿದೆ, ಅಂಚು ಹರಿದ ಬಟ್ಟೆಯಂತಿದೆ. ಆದರೆ ನನ್ನದು. ವಾಪಸು ಬರುವಾಗ ವಿಮಾನದಲ್ಲಿ ಬೇಕಿಲ್ಲದಿದ್ದರೂ ಎರಡು ಸಲ ನೀರು ಕೇಳಿದೆ.

ಮನೆಗೆ ಬಂದು ಕೂತ ಮೇಲೆ ಒಂದು ಭಯ ಹತ್ತಿತು. ಸೋಮವಾರ ತರಗತಿ. ನಾನು ಬಾಯಿ ತೆರೆದರೆ ಅವರು ಮತ್ತೆ ಪುಸ್ತಕಕ್ಕೆ ತಲೆ ಬಾಗಿಸಿ ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳತೊಡಗುತ್ತಾರೇನೋ. ಇಪ್ಪತ್ತು ವರ್ಷ ಹಾಗೇ ತಾನೇ ನಡೆದದ್ದು? ನನಗೆ ಮಾತೆಂದರೆ ಎಷ್ಟು ಇಷ್ಟವೆಂದು ನಿನಗೆ ಗೊತ್ತು. ಕೆಲಸ ಉಳಿಯಿತು, ದನಿಯೂ ಬಂತು, ಈಗ ಅವೆರಡನ್ನೂ ಒಂದೇ ಕೋಣೆಗೆ ಒಯ್ಯುವುದು ಹೇಗೆ?

ಹೀಗೆ ಯೋಚಿಸುತ್ತಿರುವಾಗಲೇ ಬಾಗಿಲು ಬಡಿದರು. ಪಕ್ಕದ ಮನೆಯ ತ್ಸೈ ಅಜ್ಜಿ, ನಮ್ಮ ಯೂಟಿಂಗಳ ಅಜ್ಜಿ, ತಲೆಗೆ ಬಟ್ಟೆ ಸುತ್ತಿಕೊಂಡು, ಬಿಸಿ ಬೆಲ್ಲದ ಕೇಕು ಹಿಡಿದು ಗಾಳಿಯಲ್ಲಿ ನಿಂತಿದ್ದರು.

"ಬಾಯಿ ಬಂತಂತೆ?"

"ಬಂತು ಅಜ್ಜಿ. ಒಳಗೆ ಬನ್ನಿ, ಚಳಿ."

ಅವರು ಒಳಗೆ ಬರಲಿಲ್ಲ. ತಲೆ ವಾರೆ ಮಾಡಿ ನನ್ನ ದನಿಯನ್ನು ಮೀನಿನ ತಾಜಾತನ ನೋಡುವಂತೆ ಪರೀಕ್ಷಿಸಿದರು. ಚೆನ್ನಾಗಿದೆ ಎಂದರು. ತಟ್ಟೆಯನ್ನು ನನ್ನ ಕೈಗಿಟ್ಟು ಹೊರಟವರು, ಎರಡು ಹೆಜ್ಜೆ ಹೋಗಿ ಸಂಕೋಚದಿಂದ ತಿರುಗಿದರು:

"ಹುಡುಗಿ ಕೇಳ್ಕೊಂಡು ಬಾ ಅಂದ್ಳು ಕಣಮ್ಮ. ಕ್ಲಾಸಲ್ಲಿ ಅದ್ಯಾವುದೋ ಗೆರೆ ಬಗ್ಗೆ ಅವರ ಜಗಳ ಇನ್ನೂ ಅರ್ಧಕ್ಕೆ ನಿಂತಿದೆಯಂತೆ. ಸೋಮವಾರ ಒಂದಿನದ ಮಟ್ಟಿಗೆ ನಿಮಗಿನ್ನೂ ಬಾಯಿ ಬಂದಿಲ್ಲ ಅಂದ್ಕೊಂಡ್ರೆ ಆಗುತ್ತಾ, ಟೀಚರ್?"